ಕೂಸು ಬಡವಾಗುವ ಬಗೆ



ಕೆಲವು ವರ್ಷಗಳ ಹಿಂದಿನ ಮಾತು. ಒಣದ್ರಾಕ್ಷಿ ತಯಾರಿಕೆಯನ್ನು ಕುರಿತ ಒಂದು ಕಾರ್ಯಕ್ರಮಕ್ಕಾಗಿ ನಮ್ಮ ತಂಡ ಫೆಬ್ರವರಿ ಕೊನೆಯ ಒಂದು ಭಾನುವಾರ ವಿಜಯಪುರದಿಂದ ತಿಕೋಟಾ ಕಡೆಗೆ ಹೋಗಿತ್ತು. ದ್ರಾಕ್ಷಿ ಕೊಯ್ಲಿನ ಕಾಲ. ಹೊಲದ ಬದಿಯ ಶೆಡ್ಡಿನಲ್ಲಿ ಬಲೆಯ ಮೇಲೆ ಬಲೆ ಕಟ್ಟಿ ಹಣ್ಣು ಹರವಿದ್ದರು. ಒಂದು ಪಕ್ಕದಲ್ಲಿ ಏಳೆಂಟು ಹೆಣ್ಣುಮಕ್ಕಳು ಕುಳಿತು ಒಣಗಿದ ಹಣ್ಣಿನಿಂದ ಕಡ್ಡಿ ಬೇರ್ಪಡಿಸುತ್ತಿದ್ದರು. ಅವರಲ್ಲಿ ಒಬ್ಬ ವೃದ್ಧೆ. ಆಕೆಯ ಪಕ್ಕದಲ್ಲಿ ಒಂಬತ್ತು ವರ್ಷದ ಮೊಮ್ಮಗಳು, ಆ ಹುಡುಗಿಯ ತೊಡೆಯ ಮೇಲೆ ಪುಟ್ಟ ತಮ್ಮ.

ನಮ್ಮ ಧ್ವನಿಮುದ್ರಕರು ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನ್ ಸರಿಸಿ, ‘ಮೇಡಂ, ಹಿಂದಿನ ಮನೆಯಲ್ಲಿ ಯಾರೋ ಜಗಳ ಆಡ್ತಿದ್ದಾರೆ, ಸ್ವಲ್ಪ ನಿಲ್ಲೋಣ’ ಎಂದರು. ನನಗಿನ್ನೂ ಏನೂ ಕೇಳಿಸಿರಲಿಲ್ಲ. ಆದರೆ ಆ ಹುಡುಗಿಗೆ ನಮ್ಮ ಯಂತ್ರಕ್ಕಿಂತ ಮೊದಲೇ ಕೇಳಿಸಿತ್ತು. ಆಕೆ ಎದ್ದಳು. ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡಳು. ಅಳಲಿಲ್ಲ, ಓಡಲಿಲ್ಲ; ನಿತ್ಯದ ಕೆಲಸವೊಂದನ್ನು ಮಾಡುವವಳ ಹಾಗೆ ಮನೆಯ ದಿಕ್ಕನ್ನು ಬಿಟ್ಟು ತೋಟದೊಳಗೆ ನಡೆದು ಹೋದಳು. ‘ದಿನಾ ಇದ್ದದ್ದ ಐತ್ರಿ ಬಾಯಾರ, ನೀವು ನಿಮ್ಮ ಶೂಟಿಂಗ್ ಮಾಡ್ರಿ’ ಎಂದರು ಅಲ್ಲಿದ್ದ ಒಬ್ಬಾಕೆ. ವೃದ್ಧೆ ತಲೆ ಎತ್ತಲಿಲ್ಲ. ಹತ್ತು ನಿಮಿಷದಲ್ಲಿ ಸದ್ದು ಅಡಗಿತು. ನಾವು ನಮ್ಮ ಶೂಟಿಂಗ್ ಮಾಡಿದೆವು. ಕಾರ್ಯಕ್ರಮ ಚೆನ್ನಾಗಿ ಬಂದಿದೆ ಎಂದು ಹೊಗಳಿಕೆಯೂ ಬಂತು. ಆ ಹುಡುಗಿ ಎದ್ದು ಹೋದ ರೀತಿ ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ನಮಗೆಲ್ಲ ಬಾಯಿಪಾಠ. ಅದರ ಬೆನ್ನಿಗೇ ಇನ್ನೊಂದು ಗಾದೆ ಇದೆ: ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ರಾಜಿ ಪಂಚಾಯಿತಿಗಳಲ್ಲಿ ಮೊದಲನೆಯದನ್ನು ಹೇಳುವವರು ಹತ್ತು ಮಂದಿ, ಎರಡನೆಯದನ್ನು ಹೇಳುವವರು ಒಬ್ಬರೂ ಸಿಗುವುದಿಲ್ಲ. ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ. ಇಬ್ಬರು ಸರಿಸಮನಾಗಿ ಮಾತಿಗೆ ಮಾತು ಬೆಳೆಸಿದರೆ ಅದು ಜಗಳ. ಒಬ್ಬರು ಹೊಡೆದು, ಇನ್ನೊಬ್ಬರು ಹೊಡೆಸಿಕೊಂಡು, ಮನೆಯವರೆಲ್ಲ ಹೊಡೆಯುವವನ ಹೆಜ್ಜೆಯ ಸಪ್ಪಳಕ್ಕೆ ಕಿವಿಗೊಟ್ಟು ಬದುಕುವುದಕ್ಕೆ ಜಗಳ ಎಂಬ ಹೆಸರು ಒಪ್ಪುವುದಿಲ್ಲ.

2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 18ರಿಂದ 49 ವರ್ಷದೊಳಗಿನ ವಿವಾಹಿತೆಯರಲ್ಲಿ ಶೇಕಡಾ 44.4 ಮಂದಿ ಗಂಡನಿಂದ ಒಮ್ಮೆಯಾದರೂ ಹಿಂಸೆಗೆ ಒಳಗಾದವರು. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇಕಡಾ 20.6 ಇತ್ತು. ಹೆಚ್ಚಿದ್ದು ಹಿಂಸೆಯೋ ಅದನ್ನು ಹೇಳಿಕೊಳ್ಳುವ ಧೈರ್ಯವೋ ಎಂಬ ಚರ್ಚೆಯನ್ನು ಪಂಡಿತರಿಗೆ ಬಿಡೋಣ. ನೂರಕ್ಕೆ ನಲವತ್ತನಾಲ್ಕು ಮನೆಗಳೆಂದರೆ, ಆ ಮನೆಗಳಲ್ಲಿ ಎಷ್ಟು ಮಕ್ಕಳು? ಆ ಲೆಕ್ಕದ ಕಾಲಂ ಸಮೀಕ್ಷೆಯ ಆ ಸಾಲಿನಲ್ಲಿ ಇಲ್ಲ.

ಮಕ್ಕಳು ಲೆಕ್ಕಕ್ಕೆ ಸಿಗದೆ ಹೋಗಲು ಕಾರಣ ಅವರ ತಾಯಂದಿರೇ ಹೇಳುವ ಒಂದು ಮಾತು. ವಿಜಯಪುರದಲ್ಲಿ, ಹಳ್ಳಿಗಳಲ್ಲಿ, ನಾನು ಮಾತನಾಡಿಸಿದ ಹಲವರ ಬಾಯಲ್ಲಿ ಇದನ್ನು ಕೇಳಿದ್ದೇನೆ. ‘ಹೊಡದದ್ದು ನನಗರಿ ಅಕ್ಕಾ, ಹುಡುಗೂರ್ಗಿ ಏನ್ ಮಾಡಿಲ್ಲ.’ ಇದರಲ್ಲಿ ಒಂದು ಬಗೆಯ ಸಮಾಧಾನವಿದೆ. ಪೆಟ್ಟನ್ನೆಲ್ಲ ತನ್ನ ಮೈಮೇಲೆ ಹಾಕಿಕೊಂಡು ಮಕ್ಕಳನ್ನು ಉಳಿಸಿಕೊಂಡೆ ಎಂಬ ಸಮಾಧಾನ. ಅದನ್ನು ಕಸಿದುಕೊಳ್ಳಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೂ ಹೇಳಲೇಬೇಕು, ಅದು ನಿಜವಲ್ಲ.

ನಾನು ಪದವಿಗೆ ಓದಿದ್ದು ವಿಜ್ಞಾನ. ಅಪಾಯ ಎದುರಾದ ಕೂಡಲೇ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತಕ್ಕೆ ಬಿಡುತ್ತವೆ, ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ ಎಂದು ಅಲ್ಲಿ ಕಲಿತೆ. ಇದು ದೇಹದ ರಕ್ಷಣೆಗೆ ಇರುವ ಏರ್ಪಾಡು. ಅಪಾಯ ಕಳೆದ ಮೇಲೆ ತಾನೇ ಶಮನವಾಗುತ್ತದೆ. ಬೋರ್‌ವೆಲ್ಲಿನ ಮೋಟಾರು ತಿಕೋಟಾ ಭಾಗದ ರೈತರಿಗೆ ಚೆನ್ನಾಗಿ ಗೊತ್ತು. ನೀರಿದ್ದಾಗ ಅದು ಓಡಬೇಕು. ನೀರಿಲ್ಲದೆ ಹಗಲೂ ರಾತ್ರಿ ಓಡಿದರೆ ಒಳಗಿನ ಸುರುಳಿ ಸುಡುತ್ತದೆ. ದಿನವೂ ಹೆದರಿಕೆಯಲ್ಲೇ ಸಂಜೆ ಕಳೆಯುವ ಮಗುವಿನ ದೇಹದಲ್ಲಿ ಆ ಮೋಟಾರು ನಿಲ್ಲುವುದೇ ಇಲ್ಲ. ಪೆಟ್ಟು ಮಗುವಿಗೆ ಬೀಳಬೇಕೆಂದಿಲ್ಲ. ಪಕ್ಕದ ಖೋಲಿಯಲ್ಲಿ ಕೇಳಿಸಿದರೆ ಸಾಕು.

ಅಮೆರಿಕದಲ್ಲಿ ವಿನ್ಸೆಂಟ್ ಫೆಲಿಟಿ, ರಾಬರ್ಟ್ ಆಂಡಾ ಎಂಬ ವೈದ್ಯರು ಮತ್ತು ಅವರ ಸಹೋದ್ಯೋಗಿಗಳು 1998ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಒಂಬತ್ತು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಅವರ ಬಾಲ್ಯದ ಕುರಿತು ಕೇಳಿದರು. ಬಾಲ್ಯದ ಏಳು ಬಗೆಯ ಸಂಕಟಗಳನ್ನು ಪಟ್ಟಿ ಮಾಡಿದ್ದರು. ತಾಯಿಯ ಮೇಲೆ ನಡೆದ ಹಿಂಸೆ ಅವುಗಳಲ್ಲಿ ಒಂದು. ಇಂಥ ಸಂಕಟಗಳು ಹೆಚ್ಚಿದ್ದಷ್ಟೂ ದೊಡ್ಡವರಾದ ಮೇಲೆ ಖಿನ್ನತೆ, ಕುಡಿತ, ಹೃದ್ರೋಗ ಕೂಡ ಹೆಚ್ಚಾಗಿ ಕಂಡುಬಂದವು. ಕೂಸು ಬಡವಾಯಿತು ಎಂದು ನಮ್ಮ ಹಿರಿಯರು ಎಂದೋ ಹೇಳಿದ್ದು ಹೀಗೆ ಅಂಕಿ ಸಂಖ್ಯೆಗೆ ಬಂತು. ಇದರರ್ಥ ಅಂಥ ಮನೆಯಲ್ಲಿ ಬೆಳೆದ ಮಕ್ಕಳೆಲ್ಲ ಕೆಡುತ್ತಾರೆ ಎಂದಲ್ಲ. ಕೈಹಿಡಿದ ಒಬ್ಬ ಹಿರಿಯರು ಪಕ್ಕದಲ್ಲಿದ್ದರೆ ಬಹಳಷ್ಟು ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಆ ಒಬ್ಬರು ಯಾರು ಎಂಬುದೇ ಪ್ರಶ್ನೆ.

ಗುರುತುಗಳು ತರಗತಿಯಲ್ಲೇ ಕಾಣುತ್ತವೆ. ಎಂಟು ವರ್ಷದ ಹುಡುಗ ಮತ್ತೆ ಹಾಸಿಗೆಯಲ್ಲಿ ಉಚ್ಚೆ ಹೊಯ್ಯುತ್ತಾನೆ. ಶನಿವಾರ ಶಾಲೆ ಬಿಟ್ಟಾಗ ಎಲ್ಲರೂ ಕೂಗುತ್ತಾ ಓಡಿದರೆ ಒಬ್ಬಳು ಅಕ್ಕೋರ ಹಿಂದೆ ಹಿಂದೆ ಸುತ್ತುತ್ತಾಳೆ. ವೈದ್ಯರಿಗೆ ಕಾರಣ ಸಿಗದ ಹೊಟ್ಟೆನೋವು. ಇನ್ನೊಬ್ಬ ಸಣ್ಣ ಮಾತಿಗೂ ಕೈ ಎತ್ತುತ್ತಾನೆ. ಅವನನ್ನು ಪುಂಡ ಎಂದು ಕರೆದು ಬೆಂಚಿನ ಮೇಲೆ ನಿಲ್ಲಿಸುತ್ತೇವೆ. ತೀರ ಜಾಣೆ, ತೀರ ಮೌನಿ, ಮನೆಕೆಲಸವೆಲ್ಲ ಮಾಡುತ್ತಾಳೆ ಎಂದು ನಾವು ಹೊಗಳುವ ಹುಡುಗಿಯನ್ನು ಕೂಡ ಒಮ್ಮೆ ಗಮನಿಸಿ ನೋಡಬೇಕು.

ಬಬಲೇಶ್ವರ ಭಾಗದ ಹಳ್ಳಿಯೊಂದರಲ್ಲಿ ನಾನು ಕಂಡ ಒಂದು ರಾಜಿ ಪಂಚಾಯಿತಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಬೇರೆ ಕೆಲಸಕ್ಕೆ ಹೋಗಿದ್ದೆ. ಕ್ಯಾಮೆರಾ ಜೀಪಿನಲ್ಲೇ ಇತ್ತು. ಗುಡಿಯ ಕಟ್ಟೆಯ ಮೇಲೆ ಇಪ್ಪತ್ತು ಮಂದಿ ಹಿರಿಯರು, ಎಲ್ಲರೂ ಗಂಡಸರು. ಒಂದು ಬದಿಗೆ ಗಂಡನ ಕಡೆಯವರು, ಇನ್ನೊಂದು ಬದಿಗೆ ತವರಿನವರು. ಸೆರಗು ಹೊದ್ದು ಕುಳಿತ ಆಕೆಯ ಒಂದು ಕಣ್ಣು ಊದಿಕೊಂಡಿತ್ತು. ‘ಕುಡದಾಗ ಹಂಗ ಮಾಡತಾನ, ಇಲ್ಲಂದ್ರ ಬಂಗಾರದಂಥ ಮನಶ್ಯಾ’ ಎಂಬ ಮಾತು ಮೂರು ಸಲ ಬಂತು. ಆ ಬಂಗಾರದಂಥ ಮನುಷ್ಯ ಎಷ್ಟೇ ಕುಡಿದರೂ ಹೊಲದ ಗೌಡರ ಮೇಲೆ ಒಮ್ಮೆಯೂ ಕೈ ಎತ್ತಿಲ್ಲವೆಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಸರಾಯಿ ಬೆಂಕಿಗೆ ಎಣ್ಣೆ ಸುರಿಯುತ್ತದೆ, ಒಪ್ಪುತ್ತೇನೆ; ಆದರೆ ಯಾರನ್ನು ಹೊಡೆಯಬೇಕು, ಯಾರನ್ನು ಹೊಡೆಯಬಾರದು ಎಂಬ ಎಚ್ಚರವನ್ನು ಅದು ಅಳಿಸುವುದಿಲ್ಲ.

ಮಾತು ಬಗೆಹರಿಯದಾಗ ಹಿರಿಯರೊಬ್ಬರು ಮಗನನ್ನು ಕರೆಸಿದರು. ಏಳು ವರ್ಷದವನಿರಬೇಕು, ಶಾಲೆಯ ಸಮವಸ್ತ್ರದಲ್ಲಿದ್ದ, ಹೆಗಲಿಗೆ ಪಾಟೀಚೀಲ. ಎಲ್ಲರ ನಡುವೆ ನಿಲ್ಲಿಸಿ ಕೇಳಿದರು: ‘ಹೇಳಪಾ, ನಿನಗ ಅಪ್ಪ ಬೇಕೋ, ಅವ್ವ ಬೇಕೋ?’ ಕೇಳಿದವರಿಗೆ ಕೆಟ್ಟ ಉದ್ದೇಶವಿರಲಿಲ್ಲ. ಹುಡುಗ ಅಪ್ಪನನ್ನು ನೋಡಿದ, ಅವ್ವನನ್ನು ನೋಡಿದ. ಆಮೇಲೆ ಬಹಳ ಹೊತ್ತಿನ ಮೇಲೆ, ‘ಸಾಲಿಗಿ ಹೊತ್ತಾಗತೈತ್ರಿ’ ಎಂದ. ಕೆಲವರು ನಕ್ಕರು. ಕಾಗದ ಬರೆಯಿತು. ಇನ್ನು ಮುಂದೆ ಹೊಡೆಯುವುದಿಲ್ಲ, ಆಕೆ ಸಿಟ್ಟು ಮಾಡಿ ತವರಿಗೆ ಹೋಗುವುದಿಲ್ಲ, ಇಬ್ಬರ ಸಹಿ. ಮಗನ ಬಗ್ಗೆ ಆ ಕಾಗದದಲ್ಲಿ ಒಂದಕ್ಷರ ಇರಲಿಲ್ಲ.

ಇದೇ ಕೆಲಸವನ್ನು ತರಬೇತಾದ ಸಮಾಜ ಕಾರ್ಯಕರ್ತೆ ಹೇಗೆ ಮಾಡುತ್ತಾರೆ ಎಂಬುದನ್ನು ನೋಡಿದ ಮೇಲೆ ನನಗೆ ವ್ಯತ್ಯಾಸ ಅರ್ಥವಾಯಿತು. ಅವರು ತಾಯಿಯನ್ನು ಗಂಡನ ಎದುರಿಗೆ ಕೂರಿಸಿ ಮಾತನಾಡಿಸುವುದಿಲ್ಲ. ಮಗುವಿಗೆ ಅಪ್ಪನೋ ಅವ್ವನೋ ಎಂದು ಕೇಳುವುದೇ ಇಲ್ಲ. ಬಣ್ಣದ ಪೆನ್ಸಿಲು ಕೊಟ್ಟು ಮನೆಯ ಚಿತ್ರ ಬರೆಯಲು ಹೇಳುತ್ತಾರೆ. ಮಗು ತನ್ನನ್ನು ಎಲ್ಲಿ ಬರೆದುಕೊಳ್ಳುತ್ತದೆ ಎಂದು ಸುಮ್ಮನೆ ನೋಡುತ್ತಾರೆ. ಒಂದು ಮನೆಯ ಮಗು ತನ್ನನ್ನು ಮಂಚದ ಕೆಳಗೆ ಬರೆದಿತ್ತಂತೆ. ‘ಇದು ನಿನ್ನ ತಪ್ಪಲ್ಲ’ ಎಂಬ ಮಾತನ್ನು ಒಂದಲ್ಲ, ಹತ್ತು ಭೇಟಿಯಲ್ಲಿ ಹೇಳುತ್ತಾರೆ. ತಾನು ಹಾಲು ಚೆಲ್ಲಿದ್ದಕ್ಕೇ ಅಪ್ಪ ಅವ್ವನನ್ನು ಹೊಡೆದ ಎಂದು ನಂಬಿಕೊಂಡ ಮಕ್ಕಳು ಇರುತ್ತಾರೆ. ಆಮೇಲೆ ತಾಯಿ ಮಗು ಇಬ್ಬರನ್ನೂ ಕೂರಿಸಿಕೊಂಡು ಒಂದು ಏರ್ಪಾಡು ಮಾಡುತ್ತಾರೆ: ಗದ್ದಲ ಎದ್ದರೆ ಯಾವ ಬಾಗಿಲಿನಿಂದ ಹೊರಗೆ ಹೋಗಬೇಕು, ಯಾರ ಮನೆಗೆ ಹೋಗಬೇಕು, ಆ ಮನೆಯವರಿಗೆ ಮೊದಲೇ ತಿಳಿಸಿದೆಯೇ, ಆಧಾರ್ ಕಾರ್ಡು, ಶಾಲೆಯ ದಾಖಲೆ ಎಲ್ಲಿವೆ. ನಡುವೆ ಹೋಗಿ ಅವ್ವನನ್ನು ಬಿಡಿಸುವುದು ನಿನ್ನ ಕೆಲಸವಲ್ಲ ಎಂದು ಮಗುವಿಗೆ ತಿಳಿಹೇಳುತ್ತಾರೆ.

ಇಂಥ ಕೆಲಸಕ್ಕೆ ಕಾನೂನಿನ ಬೆಂಬಲವೂ ಇದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಬಂದು 2006ರ ಅಕ್ಟೋಬರ್ 26ರಂದು ಜಾರಿಯಾಯಿತು. ನಾನು ಹೇಳಿದ ಸುರಕ್ಷತಾ ಏರ್ಪಾಡಿಗೆ ಅದರ ನಿಯಮಗಳಲ್ಲಿ ಒಂದು ನಮೂನೆಯೇ ಇದೆ. ನಮ್ಮ ರಾಜ್ಯದಲ್ಲಿ ತಾಲ್ಲೂಕು ಮಟ್ಟದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ, ಅಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿಡಿಪಿಒ ಅವರೇ, ಈ ಕಾಯ್ದೆಯ ಸಂರಕ್ಷಣಾಧಿಕಾರಿಗಳು. ಅವರು ನಡೆದದ್ದನ್ನು ನಮೂನೆಯಲ್ಲಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ಹೊಡೆಯಕೂಡದೆಂಬ ಆದೇಶ, ಆಕೆಯನ್ನು ಮನೆಯಿಂದ ಹೊರಹಾಕಕೂಡದೆಂಬ ಆದೇಶ, ಖರ್ಚಿನ ಹಣ, ಮಕ್ಕಳ ತಾತ್ಕಾಲಿಕ ವಶ, ಇಷ್ಟನ್ನೂ ಕೇಳಬಹುದು. ತಂದೆಯ ಭೇಟಿಯಿಂದ ಮಗುವಿಗೆ ಹಾನಿ ಎನಿಸಿದರೆ ಆ ಭೇಟಿಯನ್ನೇ ನಿರಾಕರಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದೆ. ಆದೇಶ ಮೀರಿದರೆ ಒಂದು ವರ್ಷದವರೆಗೆ ಸೆರೆ. ಮನೆ ಅತ್ತೆ ಮಾವನ ಹೆಸರಿನಲ್ಲಿದೆ, ಸೊಸೆಗೆ ಅಲ್ಲಿ ವಾಸದ ಹಕ್ಕಿಲ್ಲ ಎಂಬ ವಾದ ಸಲ್ಲದೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. ವಕೀಲರ ಫೀಜಿನ ಚಿಂತೆ ಬೇಡ. ಮಹಿಳೆಯರಿಗೂ ಮಕ್ಕಳಿಗೂ ಆದಾಯ ನೋಡದೆ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಕೊಡುತ್ತದೆ.

ಇವೆಲ್ಲ ಕಾಗದದ ಮೇಲೆ ಚೆನ್ನಾಗಿವೆ. ಕಾಗದದಿಂದ ಓಣಿಗೆ ಇಳಿಯುವುದು ನಿಧಾನ. ತಿಕೋಟಾ, ಬಬಲೇಶ್ವರಗಳು ತಾಲ್ಲೂಕುಗಳಾದದ್ದೇ 2018ರಲ್ಲಿ. ತಕ್ಷಣದ ಆಸರೆ, ವೈದ್ಯಕೀಯ ನೆರವು, ಪೊಲೀಸು, ಆಪ್ತಸಲಹೆ ಎಲ್ಲವೂ ಒಂದೇ ಕಡೆ ಸಿಗಲೆಂದು 2015ರಲ್ಲಿ ಆರಂಭವಾದ ಸಖಿ ಕೇಂದ್ರಗಳ ಯೋಜನೆ ಜಿಲ್ಲಾ ಕೇಂದ್ರಗಳನ್ನು ಆಧರಿಸಿದ್ದು. ಹಾಗಾಗಿ ಹಳ್ಳಿಯ ಹೆಣ್ಣುಮಗಳು ವಿಜಯಪುರಕ್ಕೆ ಬರಬೇಕು. ಬರಲು ಬಸ್ಸಿನ ದುಡ್ಡನ್ನು ಯಾರಲ್ಲಿ ಕೇಳಬೇಕು? ಹೊಡೆದವನಲ್ಲೇ! 2023ರ ಜೂನ್ ತಿಂಗಳಿಂದ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ಉಚಿತವಾದಾಗ ಪೇಟೆಯಲ್ಲಿ ಅದರ ಬಗ್ಗೆ ಎಷ್ಟೋ ನಗೆಚಾಟಿಕೆ ನಡೆಯಿತು. ಆದರೆ ಯಾರನ್ನೂ ಕೇಳದೆ ಬಸ್ಸು ಹತ್ತಿ ಬರುವವರು ಈಗ ಇದ್ದಾರೆ ಎಂದು ಕಾರ್ಯಕರ್ತೆಯೊಬ್ಬರು ನನಗೆ ಹೇಳಿದರು. ಇನ್ನೊಂದು ತೊಡಕನ್ನೂ ಅವರೇ ಹೇಳಿದ್ದು. ಸಖಿ ಕೇಂದ್ರದಲ್ಲಿ ತಾಯಿಯ ಜೊತೆ ಹೆಣ್ಣುಮಕ್ಕಳು ಯಾವ ವಯಸ್ಸಿನವರಾದರೂ ಉಳಿಯಬಹುದು. ಗಂಡುಮಕ್ಕಳಿಗೆ ವಯಸ್ಸಿನ ಮಿತಿ ಇದೆ. ಬೆಳೆದ ಮಗನನ್ನು ಹಿಂದೆ ಬಿಟ್ಟು ಬರಲಾಗದೆ ಬಾಗಿಲಿನಿಂದಲೇ ಮರಳುವ ತಾಯಂದಿರ ಬಗ್ಗೆ ಯೋಜನೆ ರೂಪಿಸುವವರು ಯೋಚಿಸಬೇಕು.

ಬೇರೆ ಮನೆ ಮಾಡಿದ ಮೇಲೆ ಹೊಟ್ಟೆಪಾಡು ಹೇಗೆ ಎಂಬುದು ಮುಂದಿನ ಪ್ರಶ್ನೆ. ಮಕ್ಕಳನ್ನು ಹಾಸ್ಟೆಲ್ಲಿಗೋ ಬಾಲಮಂದಿರಕ್ಕೋ ಸೇರಿಸಿಬಿಡಿ ಎಂಬ ಸಲಹೆ ಎಲ್ಲರ ಬಾಯಲ್ಲೂ ಸಿದ್ಧವಿರುತ್ತದೆ. 2015ರ ಬಾಲನ್ಯಾಯ ಕಾಯ್ದೆ ಹೇಳುವುದು ಬೇರೆ: ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ. ಗಂಡ ತೊರೆದ, ವಿಚ್ಛೇದಿತರಾದ ಬಡ ತಾಯಂದಿರ ಮಕ್ಕಳಿಗೆ ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿಯ ಪ್ರಾಯೋಜಕತ್ವ ಇದೆ. ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೊಡಬೇಕು. ಇದು ಗೊತ್ತಿಲ್ಲದೆಯೇ ಎಷ್ಟೋ ಮಕ್ಕಳು ತಾಯಿಯಿಂದ ದೂರ ಬೆಳೆಯುತ್ತಾರೆ.

ನಮ್ಮ ಮಾಧ್ಯಮದ ತಪ್ಪನ್ನು, ನನ್ನ ತಪ್ಪನ್ನು, ಇಲ್ಲಿ ಹೇಳದೆ ಹೋದರೆ ಉಳಿದವರಿಗೆ ಬುದ್ಧಿ ಹೇಳುವ ಹಕ್ಕು ನನಗೆ ಉಳಿಯುವುದಿಲ್ಲ. ಹಿಂದೊಮ್ಮೆ ಇಂಥ ಮನೆಯ ಒಬ್ಬ ಹುಡುಗಿಯ ಮಾತನ್ನು ಚಿತ್ರೀಕರಿಸಿದ್ದೆ. ಮುಖ ತೋರಿಸುವುದಿಲ್ಲ ಎಂದು ಮಾತು ಕೊಟ್ಟಿದ್ದೆ, ತೋರಿಸಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ನಿಲ್ಲಿಸಿ ಬೆನ್ನ ಹಿಂದಿನಿಂದ ತೆಗೆದೆವು. ಬೆಳಕು ಬಹಳ ಚೆನ್ನಾಗಿ ಬಂದಿತ್ತು. ಪ್ರಸಾರವಾದ ಮೂರನೆಯ ದಿನ ಆಕೆಯ ತಾಯಿ ಫೋನು ಮಾಡಿದರು: ‘ಅಕ್ಕಾ, ಮಾರಿ ತೋರ್ಸೂದಿಲ್ಲ ಅಂದಿದ್ರಿ. ಚೀಲ ತೋರ್ಸೀರಲ್ಲ.’ ಹುಡುಗಿಯ ಹೆಗಲಿನ ಪಾಟೀಚೀಲಕ್ಕೆ ಹಳೆಯ ಸೀರೆಯ ಅಂಚಿನ ತೇಪೆ ಹಾಕಿತ್ತು. ಅದು ಯಾರ ಸೀರೆ, ಯಾರ ಚೀಲ ಎಂದು ಇಡೀ ಓಣಿಗೆ ಗೊತ್ತು. ಮರುದಿನದಿಂದ ಆಕೆ ಶಾಲೆಗೆ ಹೋಗಲಿಲ್ಲ. ಮಗುವಿನ ಹೆಸರು, ವಿಳಾಸ, ಶಾಲೆ ಮಾತ್ರವಲ್ಲ, ಗುರುತು ಹತ್ತುವಂಥ ಯಾವ ವಿವರವನ್ನೂ ಪ್ರಕಟಿಸಬಾರದೆಂದು ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಕಾಯ್ದೆ ನನಗೆ ಗೊತ್ತಿತ್ತು. ಚೀಲ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹಳ್ಳಿಯಲ್ಲಿ ಮುಖವೊಂದೇ ಗುರುತಲ್ಲ ಎಂಬುದನ್ನು ಆ ತಾಯಿ ನನಗೆ ಕಲಿಸಿದರು. ಅಂದಿನಿಂದ ಇಂಥ ಮಕ್ಕಳ ಮುಂದೆ ನಾನು ಕ್ಯಾಮೆರಾ ಹಿಡಿದಿಲ್ಲ. ಇವತ್ತು ಚಿತ್ರವಿಲ್ಲದೆ ಬರಿ ಮಾತಿಗೆ ಕುಳಿತಿರುವುದೂ ಅದಕ್ಕೇ.

ವಿಜಯಪುರದ ಗೋಳಗುಮ್ಮಟವನ್ನು ನೀವೆಲ್ಲ ನೋಡಿದ್ದೀರಿ. ಪಿಸುಮಾತಿನ ಗ್ಯಾಲರಿಯಲ್ಲಿ ಒಂದು ಬದಿಯ ಗೋಡೆಗೆ ಬಾಯಿಟ್ಟು ಉಸುರಿದ್ದು ಎದುರು ಬದಿಯಲ್ಲಿ ನಿಂತವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಬಾಗಿದ ಗೋಡೆಯನ್ನು ತಬ್ಬಿಕೊಂಡು ಧ್ವನಿ ಸಾಗುತ್ತದೆ. ಅದನ್ನು ಕೇಳಲು ದೂರದ ಊರುಗಳಿಂದ ಜನ ಬರುತ್ತಾರೆ. ನಮ್ಮ ಓಣಿಗಳ ಗೋಡೆಗಳು ಅದಕ್ಕಿಂತ ತೆಳು. ಪಕ್ಕದ ಮನೆಯ ಪೆಟ್ಟು ನಮಗೆ ಕೇಳಿಸುತ್ತದೆ, ಕೇಳಿಸಿದೊಡನೆ ನಾವು ಟಿ.ವಿ.ಯ ಧ್ವನಿ ಏರಿಸುತ್ತೇವೆ. ಟಿ.ವಿ.ಯವಳಾದ ನನಗೆ ಇದನ್ನು ಹೇಳಲು ಸಂಕೋಚವೇ.

2005ರ ಕಾಯ್ದೆಯ ನಾಲ್ಕನೆಯ ಕಲಮು ಹೆಚ್ಚು ಜನಕ್ಕೆ ಗೊತ್ತಿಲ್ಲ. ಹಿಂಸೆ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯಬಹುದು ಎಂದು ನಂಬಲು ಕಾರಣವಿರುವ ಯಾರೇ ಆದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಹೊಡೆಸಿಕೊಂಡಾಕೆಯೇ ಬರಬೇಕೆಂದಿಲ್ಲ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಯಾವ ಮೊಕದ್ದಮೆಯೂ ನಿಲ್ಲುವುದಿಲ್ಲ. ಮಕ್ಕಳಿಗಾಗಿ 1098, ಮಹಿಳೆಯರಿಗಾಗಿ 181, ಪೆಟ್ಟು ಬೀಳುತ್ತಿರುವ ಹೊತ್ತಿಗೆ 112. 1098ಕ್ಕೆ ಫೋನು ಮಾಡಿದವರು ತಮ್ಮ ಹೆಸರು ಹೇಳಬೇಕೆಂದಿಲ್ಲ. ಊರು, ಮನೆಯ ಗುರುತು, ಮಗುವಿನ ಅಂದಾಜು ವಯಸ್ಸು ಹೇಳಿದರೆ ಆಯಿತು. ಮಗು ತಾನೇ ಫೋನು ಮಾಡಬಹುದು, ಮಾಡುತ್ತವೆ ಕೂಡ.

ತಿಕೋಟಾದ ಆ ಶೆಡ್ಡಿಗೆ ಮರುವರ್ಷ ಫೆಬ್ರವರಿಯಲ್ಲಿ ಒಬ್ಬಳೇ ಹೋಗಿದ್ದೆ. ವೃದ್ಧೆ ನನ್ನ ಗುರುತು ಹಿಡಿದರು. ಅಂಗನವಾಡಿ ಅಕ್ಕೋರಿಗೆ ಹೇಳಿ ಸಿಡಿಪಿಒ ಅವರ ತನಕ ವಿಷಯ ಮುಟ್ಟಿಸಿದವರು ಆ ವೃದ್ಧೆಯೇ. ಅವರು ಹೊಡೆಯುವವನ ಹೆತ್ತ ತಾಯಿ ಎಂಬುದು ನನಗೆ ಆಗಲೇ ತಿಳಿದದ್ದು. ಮಗ ಈಗ ಬೇರೆ ಕಡೆ ಇದ್ದಾನೆ, ಸೊಸೆ ಮೊಮ್ಮಕ್ಕಳು ಇದೇ ಮನೆಯಲ್ಲಿ ಇದ್ದಾರೆ ಎಂದರು. ಊರಿನವರು ಏನಂದರು ಎಂದು ಕೇಳಿದೆ. ‘ಹಡದ ಮಗನ ಮ್ಯಾಲ ಹೇಳಾಕ ಹೋದ್ಳು ಅಂತ ಅಂತಾರ್ರಿ. ಮಗಾ ನನ್ನಾಂವ ಖರೆ. ಮೊಮ್ಮಗಳೂ ನನ್ನಾಕೀನ ಅಲ್ರಿ ಯವ್ವಾ?’ ಎಂದು ಕೇಳಿ, ಕಡ್ಡಿ ಆರಿಸುವುದನ್ನು ಮುಂದುವರಿಸಿದರು.

ಹುಡುಗಿ ಅಲ್ಲೇ ಪಕ್ಕದಲ್ಲಿ ಮಗ್ಗಿ ಬರೆಯುತ್ತಿದ್ದಳು. ಆಚೆ ಹೊಲದಲ್ಲಿ ಯಾರೋ ಎತ್ತುಗಳನ್ನು ಗದರಿಸಿದರು. ಬರೆಯುವ ಕೈ ನಿಂತಿತು. ಆ ಕಡೆ ನೋಡಿದಳು, ಎದ್ದು ನಿಂತಳು. ಎತ್ತುಗಳು ಎಂದು ಖಾತ್ರಿಯಾದ ಮೇಲೆ ಕುಳಿತು ಏಳರ ಮಗ್ಗಿಯನ್ನು ಮತ್ತೆ ಮೊದಲಿನಿಂದ ಬರೆಯತೊಡಗಿದಳು.